ಮೊಲದ ಮೂವತ್ತು ಪೌಂಡು

ಡಬ್-ಡಬ್, ಡಬ್-ಡಬ್, ಈ ರಸ್ತೆಗೆ ಡಾಂಬರು ಹಾಕುತ್ತೇವೆಂದು ನಾನು ಶಾಲೆಗೆ ಹೋಗುತ್ತಿದ್ದಾಗಿನಿಂದ ಹೇಳುತ್ತಲೇ ಇದ್ದಾರೆ, ಕಾಂಕ್ರೀಟಿನ ಒಂದು ಹಾಸು ಮುಗಿದು ಇನ್ನೊಂದು ಶುರುವಾಗುವ ಕಡೆಯೆಲ್ಲ ಟ್ಯಾಕ್ಸಿಯ ಚಕ್ರ ಹೀಗೆಯೇ ಬಡಿಯುತ್ತದೆ, ಸದ್ದು ಕಿವಿಗಿಂತ ಮೊದಲು ದವಡೆಗೆ ಬರುತ್ತದೆ, ಗ್ರಿಮ್ಸ್‌ಬಿ ಬಿಟ್ಟು ಹೋಗುವವರನ್ನೆಲ್ಲ ಬೀಳ್ಕೊಡುವುದು ಇದೇ ಸದ್ದು, ನನಗೆ ತಲೆನೋವು, ಅಮ್ಮನಿಗೆ ಮಾತ್ರ ಹಿತವಾಗಿರುವಂತಿದೆ, ಕುತ್ತಿಗೆಯನ್ನು ಅದರ ತಾಳಕ್ಕೆ ಸಣ್ಣಗೆ ಆಡಿಸುತ್ತಿದ್ದಾಳೆ, ತೊಡೆಯ ಮೇಲೆ ಕೈಚೀಲ, ಕೈಚೀಲದ ಮೇಲೆ ಎರಡು ಕೈ, ಗಂಟು ಗಂಟು ಬೆರಳು, ನಾವು ಚಿಕ್ಕವರಿದ್ದಾಗ ಹಿತ್ತಲ ಗೋಡೆಗೆ ಕೋಲು ಕಟ್ಟಿ ದಿನವಿಡೀ ಟ್ರಾಲರ್ ಹಡಗುಗಳಿಗೆ ಬಲೆ ಹೆಣೆಯುತ್ತಿದ್ದ ಬೆರಳು, ಒರಟು ಹುರಿ ಉಜ್ಜಿ ಉಜ್ಜಿ ಚಳಿಗಾಲದಲ್ಲಿ ಬಿರಿದು ರಕ್ತ ಬರುತ್ತಿತ್ತು, ಆದರೂ ಸಾಯಂಕಾಲ ಅದೇ ಕೈಯಲ್ಲಿ ನನ್ನ ಜಡೆ — ಬೇಡ, ಈಗ ಅದೆಲ್ಲ ಯಾಕೆ, ಡಬ್-ಡಬ್, ಬಲಗಡೆ ಗಾಳಿಯಂತ್ರಗಳು ಸಾಲಾಗಿ ನಿಂತಿವೆ, ಒಂದೂ ತಿರುಗುತ್ತಿಲ್ಲ, ಫೆಬ್ರವರಿಯ ಬಯಲು, ಕೋಸು ಕೊಯ್ದಾದ ಮೇಲಿನ ಒದ್ದೆ ಮಣ್ಣು, ಸ್ಕನ್‌ಥಾರ್ಪ್ ತಲುಪಲು ಇನ್ನೂ ಅರ್ಧ ಗಂಟೆ, ಡಿಕ್ಕಿಯಲ್ಲಿ ಅಮ್ಮನ ಇಡೀ ಸಂಸಾರ ಬಿದ್ದಿದೆ, ಒಂದು ಸೂಟ್‌ಕೇಸು, ಎರಡು ಕಪ್ಪು ಚೀಲ, ಟವೆಲಿನಲ್ಲಿ ಸುತ್ತಿದ ಅಪ್ಪನ ಫೋಟೋ, ಎಂಬತ್ತಮೂರು ವರ್ಷ ಬದುಕಿದ ಹೆಂಗಸಿನ ಸಾಮಾನು ಡಿಕ್ಕಿಯ ಅರ್ಧವನ್ನೂ ತುಂಬಲಿಲ್ಲ. ಕ್ಲೀಥಾರ್ಪ್ಸ್‌ನ ವೃದ್ಧಾಶ್ರಮದಲ್ಲಿ ಅವಳ ಕೋಣೆಯ ಕಿಟಕಿ ತುಂಬ ಸಮುದ್ರವಿತ್ತು, ನೀರು ಇಳಿದಾಗ ಮೈಲಿಗಟ್ಟಲೆ ಕಂದು ಕೆಸರು, ಏರಿದಾಗ ಹಡಗು, ಯಾವ ಹಡಗು ಕಂಡರೂ ನಿಮ್ಮಪ್ಪ ಬಂದ ನೋಡು ಅನ್ನುತ್ತಿದ್ದಳು, ಕಾರು ತುಂಬಿಕೊಂಡು ಹಾಲೆಂಡಿಗೆ ಹೋಗುವ ಹಡಗಾದರೂ ಸರಿ, ಅಪ್ಪ ಸತ್ತು ಮೂವತ್ತು ವರ್ಷವಾಗಿದ್ದರೂ ಸರಿ, ಅದನ್ನು ನೋಡುತ್ತ ಚಹಾ ಆರಲು ಬಿಟ್ಟು ಕೂರುವುದೇ ಅವಳ ದಿನ. ಈಗ ಹೋಗುತ್ತಿರುವ ವೃದ್ಧಾಶ್ರಮದ ಖರ್ಚೆಲ್ಲ ಊರಾಡಳಿತದ ಕೌನ್ಸಿಲಿನದು, ಕೋಣೆಯನ್ನು ನಾನು ಶುಕ್ರವಾರ ಹೋಗಿ ನೋಡಿ ಬಂದೆ, ನೆಲಮಾಳಿಗೆಯಲ್ಲ, ನೆಲದ ಮಟ್ಟದ್ದೇ, ಕಿಟಕಿಯೂ ಇದೆ, ಕಿಟಕಿಯಾಚೆ ಇಟ್ಟಿಗೆಯ ಗೋಡೆ, ಗೋಡೆಗೆ ಒರಗಿಸಿದ ಕಸದ ಡಬ್ಬಿಗಳು, ತೋರಿಸಲು ಬಂದ ಹುಡುಗಿ ಒಳ್ಳೆಯವಳು, ಬೆಳಕು ಚೆನ್ನಾಗಿ ಬರುತ್ತೆ ಕಣ್ರೀ ಅಂದಳು, ಬರುತ್ತದೆ, ಬೆಳಕು ಬರುತ್ತದೆ.

ಎಲ್ಲ ಶುರುವಾದದ್ದು ಬಾಯ್ಲರಿನಿಂದ, ಹೌದು, ಐದು ವರ್ಷದ ಹಿಂದೆ ಜನವರಿಯಲ್ಲಿ ಮನೆ ಬೆಚ್ಚಗಿಡುವ ಬಾಯ್ಲರು ಕೆಟ್ಟು ಕೂತಿತು, ನನ್ನ ಗಂಡ ಕ್ಲೈವ್‌ಗೆ ಬೆನ್ನುನೋವು, ಲಾರಿ ಓಡಿಸುವ ಕೆಲಸಕ್ಕೆ ಹೋಗದೆ ಎರಡು ತಿಂಗಳಾಗಿತ್ತು, ಶಾಲೆಯ ಅಡುಗೆಮನೆಯಲ್ಲಿ ನನಗೆ ಬರುವ ಸಂಬಳದಲ್ಲಿ ಬಾಯ್ಲರಿನ ಒಂದು ತಿರುಪೂ ಬರುತ್ತಿರಲಿಲ್ಲ, ಗಂಡ ಹೆಂಡತಿ ಇಬ್ಬರೂ ಕೋಟು ಹಾಕಿಕೊಂಡು ಟಿವಿ ನೋಡುತ್ತಿದ್ದೆವು, ಆಗ ಫೋನಿನಲ್ಲಿ ಆ ಗುಂಪು ಸಿಕ್ಕಿತು, ಎಲ್ಲ ನನ್ನಂಥ ಹೆಂಗಸರೇ, ಆಯಾಗಳು, ಅಂಗಡಿಯವರು, ಕೂಸು ಎತ್ತಿಕೊಂಡು ಮನೆಯಲ್ಲಿರುವವರು, ಇದು ಜೂಜಲ್ಲ ಕಣೇ, ಕೂಪನ್ ಕತ್ತರಿಸಿದ ಹಾಗೆ ಅಂತ ಒಬ್ಬಳು ಬರೆದಿದ್ದಳು, ನಿಜವಾಗಿಯೂ ಹಾಗೆಯೇ ಇತ್ತು. ಫೋನಿನ ಕ್ಯಾಸಿನೋಗಳಿಗೆ ಹೊಸಬರು ಬೇಕು, ಹೊಸಬರಿಗಾಗಿ ಅವು ಬೋನಸ್ ಕೊಡುತ್ತವೆ, ಹಳದಿ ಮೊಲದ ಚಿತ್ರವಿರುವ ಸೈಟು ಹತ್ತು ಪೌಂಡು ಹಾಕಿ ಆಡಿದರೆ ಮೂವತ್ತು ಪೌಂಡು ತಾನು ಕೊಡುತ್ತಿತ್ತು, ಆ ಮೂವತ್ತನ್ನು ಹಾಗೇ ತೆಗೆದುಕೊಂಡು ಹೋಗುವಂತಿಲ್ಲ, ಹತ್ತು ಸಲ ತಿರುಗಿಸಬೇಕು, ಅಂದರೆ ಮುನ್ನೂರು ಪೌಂಡಿನಷ್ಟು ಆಟ, ನೂರಕ್ಕೆ ನಾಲ್ಕನ್ನು ಮಾತ್ರ ನುಂಗುವ ಆಟಗಳು ಯಾವುವೆಂದು ಗುಂಪಿನಲ್ಲಿ ಪಟ್ಟಿ ಇತ್ತು, ಅಂಥದ್ದನ್ನು ಹಿಡಿದು ಇಪ್ಪತ್ತು ಇಪ್ಪತ್ತು ಪೆನ್ಸಿನಂತೆ ತಾಳ್ಮೆಯಿಂದ ಒತ್ತುತ್ತ ಹೋದರೆ ಹನ್ನೆರಡು ಪೌಂಡು ಮೊಲ ತಿನ್ನುತ್ತದೆ, ಹದಿನೆಂಟು ಉಳಿಯುತ್ತದೆ, ಒಂದೊಂದು ಸಲ ಏನೂ ಉಳಿಯುವುದಿಲ್ಲ, ಒಂದೊಂದು ಸಲ ಅರವತ್ತು, ಆದರೆ ಐವತ್ತು ಸೈಟುಗಳಲ್ಲಿ ಮಾಡಿದರೆ ಒಟ್ಟಿನಲ್ಲಿ ಮೇಲೇ ಇರುತ್ತೀಯ, ನಿಯಮ ಒಂದೇ, ತಿರುಗಿಸುವುದು ಮುಗಿದ ಕ್ಷಣ ಹಣ ತೆಗೆದುಕೊಂಡು ಎದ್ದುಬಿಡಬೇಕು, ಮೊಲ ಎಷ್ಟೇ ಕುಣಿದರೂ. ನನಗೆ ಏಳುವುದು ಕಷ್ಟವೇ ಆಗಲಿಲ್ಲ, ನನಗೆ ಆಟವೇ ರುಚಿಸುತ್ತಿರಲಿಲ್ಲ, ಸಾವಿರದೈನೂರು ಸಲ ಒತ್ತುವುದೆಂದರೆ ಆಲೂಗಡ್ಡೆ ಸುಲಿದ ಹಾಗೆ, ಮೊದಲೆಲ್ಲ ಅದು ತಾನೇ ತಿರುಗುತ್ತಿತ್ತು, ನಾನು ಇಸ್ತ್ರಿ ಹಾಕುತ್ತಿದ್ದೆ, ಆಮೇಲೆ ಕಾನೂನು ಬಂದು ಪ್ರತಿ ಸುತ್ತನ್ನೂ ಕೈಯಾರೆ ಒತ್ತಬೇಕಾಯಿತು, ಒತ್ತಿದೆ. ಮಾರ್ಚ್ ಹೊತ್ತಿಗೆ ಬಾಯ್ಲರು ಬಂತು, ಕ್ಲೈವ್ ಅದರ ಮೇಲೆ ಕೈಯಿಟ್ಟು ಎಷ್ಟು ಮೊಲ ಕೊಂದೆ ಇದಕ್ಕೆ ಅಂತ ಕೇಳಿದ, ಆಮೇಲೆ ನಾನು ಫೋನು ಹಿಡಿದಾಗಲೆಲ್ಲ ಮೊಲಕ್ಕೆ ಮೇವು ಹಾಕಾಯ್ತಾ ಅನ್ನುವುದು ಅವನ ತಮಾಷೆಯಾಯಿತು, ನನಗೂ ನಗು ಬರುತ್ತಿತ್ತು, ಹುಟ್ಟಿದಾರಭ್ಯ ನಮ್ಮಂಥವರಿಂದ ಹಣ ಕಿತ್ತುಕೊಂಡವರೇ ಎಲ್ಲ, ಅವರಿಂದ ಕಿತ್ತವಳು ನಾನೊಬ್ಬಳು, ಶಾಲೆಯ ಮಕ್ಕಳಿಗೆ ಗ್ರೇವಿ ಬಡಿಸುವಾಗ ಅದು ನೆನಪಾಗಿ ಬೆನ್ನು ನೆಟ್ಟಗಾಗುತ್ತಿತ್ತು, ಅಷ್ಟು ಹೆಮ್ಮೆ, ಆ ಹೆಮ್ಮೆಯಿಂದಲೇ ತಾನೇ ರಾಯ್ಸ್ಟನ್‌ನನ್ನು ಕರೆದು ಕೂರಿಸಿದ್ದು.

ನನ್ನ ತಮ್ಮ, ಐದು ವರ್ಷಕ್ಕೆ ಚಿಕ್ಕವನು, ಇಪ್ಪತ್ತೆರಡು ವರ್ಷ ಮೀನಿನ ಫ್ಯಾಕ್ಟರಿಯಲ್ಲಿ ಚೂರಿ ಹಿಡಿದವನು, ಹ್ಯಾಡಕ್ ಮೀನನ್ನು ಅವನು ಸೀಳುವುದನ್ನು ನೋಡಬೇಕು, ಒಂದು ಎಳೆತ, ತಿರುವು, ಇನ್ನೊಂದು ಎಳೆತ, ಮುಳ್ಳಿನ ಮೇಲೆ ಒಂದು ಎಳೆ ಮಾಂಸ ಉಳಿಯುತ್ತಿರಲಿಲ್ಲ, ಮಾತು ಕಡಿಮೆ, ಹೆಂಡತಿ ಬಿಟ್ಟುಹೋದಾಗಲೂ ಹೋದ್ಲು ಕೊರಿ ಅಂದಿದ್ದ ಅಷ್ಟೆ, ಅವನಿಗೆ ನಾನು ಕೊರಿ, ಫ್ಯಾಕ್ಟರಿ ಮುಚ್ಚಿದಾಗ ಹದಿನಾಲ್ಕು ಸಾವಿರ ಪರಿಹಾರ ಕೊಟ್ಟು ಕಳಿಸಿದರು, ಆಮೇಲೆ ದಿನವೆಲ್ಲ ಹಡಗುಕಟ್ಟೆಯ ಕಡೆ ನಡೆದು ಹೋಗುವುದು, ನಡೆದು ಬರುವುದು, ನೋಡಲಾರದೆ ಬಾರೋ ನಾನು ಒಂದು ಕೆಲಸ ಕಲಿಸ್ತೀನಿ ಅಂದೆ. ನನ್ನ ಅಡುಗೆಮನೆಯ ಮೇಜಿನ ಮೇಲೆ, ಇಬ್ಬರ ಮಧ್ಯೆ ಚಹಾದ ಪಾತ್ರೆ, ನನ್ನ ನೋಟ್‌ಬುಕ್ಕು, ಯಾವ ಸೈಟು ಯಾವ ಪಾಸ್‌ವರ್ಡು ಎಷ್ಟು ತಿರುಗಿಸಬೇಕು ಎಲ್ಲ ಅದರಲ್ಲಿ, ಚುರುಕಾಗಿ ಕಲಿತ, ಲೆಕ್ಕದಲ್ಲಿ ನನಗಿಂತ ಮುಂದೆ, ಮೊದಲ ವಾರ ನೂರಾ ಹತ್ತು ಪೌಂಡು ಬಂದಾಗ ನಕ್ಕ, ಫ್ಯಾಕ್ಟರಿ ಮುಚ್ಚಿದ ಮೇಲೆ ಮೊದಲ ಸಲ ಅವನ ಹಲ್ಲು ನೋಡಿದೆ, ಅಕ್ಕನಾಗಿ ಏನೋ ಒಂದು ಮಾಡಿದೆ ಅನ್ನಿಸಿತು, ಅವನಿಗೆ ಎದ್ದೇಳುವುದು ಬರುವುದಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು — ಇಲ್ಲ, ಗೊತ್ತಾಗಿತ್ತು, ಗೊತ್ತಾಗಿತ್ತು, ಒಂದು ಮಂಗಳವಾರ ನಾನು ಬಟ್ಟೆ ಒಣಗಲು ಹಾಕಿ ಒಳಗೆ ಬಂದಾಗ ತಿರುಗಿಸುವುದು ಮುಗಿದಿದೆ ಎಂದು ತೆರೆಯ ಮೇಲೆ ಹಸಿರು ಅಕ್ಷರದಲ್ಲಿ ಬಂದಿತ್ತು, ಅವನ ಹೆಬ್ಬೆರಳು ಇನ್ನೂ ಒತ್ತುತ್ತಿತ್ತು, ಮುಗೀತಲ್ಲೋ ಅಂದೆ, ಹೂಂ ಗೊತ್ತು ಅಂದ, ಇನ್ನೊಂದು ನಾಲ್ಕು ಸಲ ಅಷ್ಟೇ ಅಂದ, ನಾನು ಬಟ್ಟೆ ಕ್ಲಿಪ್ಪಿನ ಬುಟ್ಟಿ ಇಟ್ಟು ಚಹಾ ಬಿಸಿಮಾಡಿದೆ, ಅಷ್ಟೇ ಮಾಡಿದ್ದು. ಇಪ್ಪತ್ತು ಪೆನ್ಸು ಎರಡು ಪೌಂಡಾಯಿತು, ಐದಾಯಿತು, ಆಮೇಲೆ ನಿಜವಾದ ಹುಡುಗಿಯೊಬ್ಬಳು ತೆರೆಯೊಳಗೆ ಎದುರಿಗೆ ನಿಂತು ಚಕ್ರ ತಿರುಗಿಸಿ ಗೋಲಿ ಬಿಡುವ ಆಟಕ್ಕೆ ಹೋದ, ಹದಿನಾಲ್ಕು ಸಾವಿರ ಮುಗಿದದ್ದು ನನಗೆ ತಿಳಿದದ್ದು ಅವನ ಬೂಟಿನಿಂದ, ಕಳೆದ ಏಪ್ರಿಲ್ ತಿಂಗಳು, ಮಳೆಯಲ್ಲಿ ಬಂದಿದ್ದ, ಬೂಟು ಬಿಚ್ಚಿದಾಗ ಒಳಗೆ ಕಾರ್ನ್ ಫ್ಲೇಕ್ಸ್ ಡಬ್ಬಿಯ ರಟ್ಟು ಕತ್ತರಿಸಿ ಹಾಸಿದ್ದು ಕಾಣಿಸಿತು. ಅವತ್ತು ಅವನು ತುಂಬ ಮಾತಾಡಿದ, ಅವನ ಮಟ್ಟಿಗೆ, ದೇಶಕ್ಕೆಲ್ಲ ಒಂದೇ ತಡೆಪಟ್ಟಿ ಇದೆಯಂತೆ, ಅದರಲ್ಲಿ ಹೆಸರು ಬರೆಸಿದರೆ ಐದು ವರ್ಷ ಯಾವ ಸೈಟೂ ಒಳಗೆ ಬಿಡುವುದಿಲ್ಲವಂತೆ, ಈಗಲೇ ಬರೆಸುತ್ತೇನೆ, ಆದರೆ ಕೊರಿ, ನೀನೂ ಬರೆಸು, ಇಬ್ರೂ ಒಟ್ಟಿಗೆ ಬರೆಸೋಣ, ನಿನ್ನ ಮನೆಗೆ ಬಂದಾಗ ನಿನ್ನ ಕೈಯಲ್ಲಿ ಅದು ಇದ್ರೆ ನಂಗೆ ಆಗಲ್ಲ, ಆ ಸಂಗೀತ ಕೇಳಿದ್ರೆ ಸಾಕು, ನನಗೆ ಬೇರೆ ಮನೆ ಎಲ್ಲಿದೆ ಬರೋಕೆ. ನಾನು ಅವನ ಬೂಟನ್ನು ಹೀಟರಿನ ಮೇಲೆ ಒಣಗಲು ಇಡುತ್ತಿದ್ದೆ, ಬೆನ್ನು ಅವನ ಕಡೆಗಿತ್ತು, ನಾನು ಸೋಲಲ್ವಲ್ಲೋ ಅಂದೆ. ಸದ್ದು ಬಂದ್ ಮಾಡಿಕೊಂಡು ಆಡುತ್ತೇನೆ ಬೇಕಾದರೆ ಅಂದೆ. ಅವನು ಹೂಂ ಅಂದ, ಒಬ್ಬನೇ ಹೆಸರು ಬರೆಸಿದ, ಒದ್ದೆ ಬೂಟನ್ನೇ ಹಾಕಿಕೊಂಡು ಹೋದ.

ಡಬ್-ಡಬ್, ಅಮ್ಮ ಏನೋ ಹೇಳಿದಳು, ಏನಮ್ಮಾ, ಶೌಚಕ್ಕೆ ಹೋಗ್ಬೇಕಾ, ಇಲ್ಲ, ಎಷ್ಟು ಹೊತ್ತಿಗೆ ತಲುಪೋದು ಅಂತ ಕೇಳ್ದೆ ಮಗಾ, ಇನ್ನೇನು ಬಂದೇಬಿಡ್ತು, ಗಾಜಿನ ಮೇಲೆ ಅವಳ ಉಸಿರು ಮಂಜಾಗುತ್ತಿದೆ, ಅದರಲ್ಲಿ ಬೆರಳಿನಿಂದ ಗೀರುತ್ತಿದ್ದಾಳೆ, ಅಡ್ಡ, ಉದ್ದ, ಅಡ್ಡ, ಬಲೆಯ ಕಣ್ಣು. ಆದರೆ ಏಪ್ರಿಲಿಗೆ ಮೊದಲೇ, ಫೆಬ್ರವರಿಯಲ್ಲಿ, ಇವತ್ತಿಗೆ ಸರಿಯಾಗಿ ಒಂದು ವರ್ಷದ ಹಿಂದೆ, ಮೊಲದ ಸೈಟು ಮತ್ತೆ ಮೂವತ್ತು ಪೌಂಡು ಅಂತು, ಹೊಸಬರಿಗೆ ಮಾತ್ರ, ನಾನು ಹೊಸಬಳಲ್ಲ, ಕ್ಲೈವ್ ಹೊಸಬನಲ್ಲ, ರಾಯ್ಸ್ಟನ್ ಅಲ್ಲ, ನಮ್ಮ ಕುಟುಂಬದಲ್ಲಿ ಹೆಸರುಗಳೇ ಮುಗಿದಿದ್ದವು, ಒಂದನ್ನು ಬಿಟ್ಟು, ಗುಂಪಿನಲ್ಲಿ ಎಲ್ಲರೂ ಮಾಡುತ್ತಾರೆ, ಅತ್ತೆಯ ಹೆಸರು, ಅಜ್ಜನ ಹೆಸರು, ತಪ್ಪು ಅಂತ ಬಾಯಲ್ಲಿ ಹೇಳುತ್ತಾರೆ, ಕಣ್ಣು ಮಿಟುಕಿಸುವ ಇಮೋಜಿ ಹಾಕುತ್ತಾರೆ, ಅಮ್ಮನ ಬ್ಯಾಂಕಿನ ವ್ಯವಹಾರ ಮೊದಲೇ ನನ್ನ ಕೈಯಲ್ಲಿತ್ತು, ಅವಳ ಮರೆವು ಹೆಚ್ಚಾದ ಮೇಲೆ ವಕೀಲರ ಮುಂದೆ ಕೂತು ಅಧಿಕಾರಪತ್ರ ಮಾಡಿಸಿಕೊಂಡದ್ದು, ಪುಟ್ಟ ಮನೆ ಮಾರಿದ ನಲವತ್ತೊಂದು ಸಾವಿರ ಅಲ್ಲಿತ್ತು, ಸಮುದ್ರದ ಕಿಟಕಿಯ ಬಾಡಿಗೆ ಅದರಿಂದಲೇ, ಆ ಕಾರ್ಡಿನಿಂದ ಹತ್ತು ಪೌಂಡು ಹಾಕಿದೆ. ಗುರುತು ದೃಢಪಡಿಸಿ ಅಂತು ಮೊಲ, ನಿಮ್ಮ ಪಾಸ್‌ಪೋರ್ಟನ್ನು ಮುಖದ ಪಕ್ಕ ಹಿಡಿದುಕೊಂಡ ಒಂದು ಫೋಟೋ, ಶಾಲೆಯಿಂದ ನೇರ ವೃದ್ಧಾಶ್ರಮಕ್ಕೆ ಹೋದೆ, ಮಧ್ಯಾಹ್ನ ಮೂರು ಗಂಟೆ, ನೀರು ಏರಿತ್ತು, ಬೀರುವಿನಿಂದ ಹಳೆಯ ಪಾಸ್‌ಪೋರ್ಟ್ ತೆಗೆದೆ, ಅಮ್ಮಾ ಇದನ್ನ ಹೀಗೆ ಗಲ್ಲದ ಹತ್ರ ಹಿಡ್ಕೋ. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಪಾಸ್‌ಪೋರ್ಟು, ಅಂದಳು, ಎಷ್ಟೋ ದಿನದ ಮೇಲೆ ಒಂದು ವಸ್ತುವಿಗೆ ಸರಿಯಾದ ಹೆಸರು ಹೇಳಿದ್ದಳು, ಕಣ್ಣು ಅರಳಿತು, ಎಲ್ಲಿಗೆ ಹೋಗ್ತಿದೀವಿ ಮಗಾ, ನಾನು ಬೆಳಕು ಎಲ್ಲಿಂದ ಬರುತ್ತದೆ ಅಂತ ನೋಡುತ್ತಿದ್ದೆ, ಸ್ಪೇನ್‌ಗಮ್ಮಾ ಅಂದೆ, ಬಾಯಿಗೆ ಬಂದದ್ದು, ಒಂದೇ ಸಲ ಹೋಗಿದ್ದಳು ಅಪ್ಪನ ಜೊತೆ, ತಾಳು ಹಾಗಾದ್ರೆ ಅಂತ ಕೈಚೀಲ ಬಿಚ್ಚಿ ತುಟಿಗೆ ಬಣ್ಣ ಹುಡುಕಿದಳು, ಕನ್ನಡಿ ಇಲ್ಲದೆಯೇ ಹಚ್ಚಿಕೊಂಡಳು, ಸ್ವಲ್ಪ ತುಟಿಯಾಚೆ ಹೋಯಿತು, ಮೊದಲ ಸಲ ಪಾಸ್‌ಪೋರ್ಟ್ ತಲೆಕೆಳಗಾಗಿ ಹಿಡಿದಳು, ಎರಡನೇ ಸಲ ಹೆಬ್ಬೆರಳು ಹೆಸರಿನ ಮೇಲಿತ್ತು, ಮೂರನೇ ಸಲ ಸರಿಬಂತು. ಹದಿನೆಂಟಲ್ಲ, ಇಪ್ಪತ್ತಮೂರು ಪೌಂಡು ಉಳಿಯಿತು, ಅವಳ ಖಾತೆಗೇ ಹಾಕಿದೆ, ಅದರಲ್ಲಿ ಅವಳಿಗೇ ಉಣ್ಣೆಯ ಚಪ್ಪಲಿ ತಂದೆ, ನನಗಾಗಿ ಒಂದು ಪೆನ್ನಿ ಮುಟ್ಟಲಿಲ್ಲ, ಇದನ್ನು ಎಷ್ಟು ಸಲ ಎಷ್ಟು ಜನಕ್ಕೆ ಹೇಳಬೇಕೆಂದು ಬಾಯಿ ತೆರೆದಿದ್ದೇನೆ, ಮೊಲದ ಸೈಟಿನ ಖಾತೆಯನ್ನು ಮುಚ್ಚುವುದು ಮರೆತೆ, ಮರೆತೆನೋ, ಮುಂದೆ ಹುಟ್ಟುಹಬ್ಬದ ಬೋನಸ್ ಬರುತ್ತದೆಂದು ಬಿಟ್ಟೆನೋ, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎನಿಡ್ ಎಂದು ಅಮ್ಮನ ಹೆಸರು ಬರೆದು ಕೆಳಗೆ ಪಾಸ್‌ವರ್ಡ್ ಬರೆದಿಟ್ಟೆ.

ನೋಟ್‌ಬುಕ್ಕು ಮೈಕ್ರೋವೇವಿನ ಮೇಲೆ ಇರುತ್ತಿತ್ತು, ಭಾನುವಾರ ಊಟಕ್ಕೆ ಬಂದ ನನ್ನ ತಮ್ಮನಿಗೆ ಕೈ ಚಾಚಿದರೆ ಸಿಗುತ್ತಿತ್ತು, ಏಳು ತಿಂಗಳು ತಡೆದುಕೊಂಡಿದ್ದನಂತೆ, ಏಪ್ರಿಲಿನಿಂದ ನವೆಂಬರ್, ಒಬ್ಬನೇ, ನವೆಂಬರಿನ ಒಂದು ಭಾನುವಾರ ನಾನು ಯಾರ್ಕ್‌ಷೈರ್ ಪುಡ್ಡಿಂಗ್ ಉಬ್ಬಿದೆಯೋ ಇಲ್ಲವೋ ಅಂತ ಒಲೆಯೊಳಗೆ ಬಗ್ಗಿ ನೋಡುತ್ತಿದ್ದಾಗ ಕೊನೆಯ ಪುಟವನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡನಂತೆ, ಹನ್ನೊಂದು ದಿನ, ಸಮುದ್ರದ ಕಿಟಕಿಯ ಹಣ ಪೂರ್ತಿ ಹನ್ನೊಂದು ದಿನದಲ್ಲಿ ಮುಗಿಯಿತು. ಡಿಸೆಂಬರಿನಲ್ಲಿ ವೃದ್ಧಾಶ್ರಮದ ಕಚೇರಿಯವರು ಈ ತಿಂಗಳ ಹಣ ಬಂದಿಲ್ಲ ಕೊರಿನ್, ಬ್ಯಾಂಕಿನವರ ತಪ್ಪಿರಬೇಕು ನೋಡಿ ಅಂದರು, ನಾನೂ ಬ್ಯಾಂಕಿನವರ ತಪ್ಪು ಅಂದುಕೊಂಡೇ ನೋಡಿದೆ. ರಾಯ್ಸ್ಟನ್ ಸುಳ್ಳು ಹೇಳಲಿಲ್ಲ, ಅವನ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತಿದ್ದ, ನಾನು ನಿಂತಿದ್ದೆ, ಆ ಚಕ್ರ ತಿರುಗಿಸೋ ಹುಡುಗಿ ಇದಾಳಲ್ಲ ಕೊರಿ, ನಾನು ಒಳಗೆ ಹೋದ ತಕ್ಷಣ ಬನ್ನಿ ಎನಿಡ್ ಹೇಗಿದೀರ ಅಂತಿದ್ಲು, ದಿನಾ, ಅವಳ ಕಣ್ಣಿಗೆ ಹೆಸರು ಕಾಣುತ್ತಲ್ಲ, ಎನಿಡ್ ಇವತ್ತು ಅದೃಷ್ಟ ನಿಮ್ಮ ಕಡೆ ಇದೆ ಅಂತಿದ್ಲು, ಅಮ್ಮನ ಹೆಸರನ್ನ ಅಷ್ಟು ಪ್ರೀತಿಯಿಂದ ಯಾರೂ ಕರೆದದ್ದು ನಾ ಕೇಳಿರ್ಲಿಲ್ಲ, ಅಮ್ಮನಿಗೇ ಗೆದ್ದು ಕೊಡ್ತಿದೀನಿ ಅನ್ನಿಸ್ತಿತ್ತು. ಅವನ ಕೆನ್ನೆಗೆ ಹೊಡೆದೆ, ನಲವತ್ತಾರು ವರ್ಷದವನಿಗೆ, ಅವನು ಕೆನ್ನೆ ತಿರುಗಿಸಲೂ ಇಲ್ಲ. ಮೊಲದವರಿಗೆ ಪತ್ರ ಬರೆದೆ, ನಮ್ಮ ತಾಯಿಗೆ ಮರೆವಿನ ಕಾಯಿಲೆ, ಆಡಿದ್ದು ಅವರಲ್ಲ, ಹಣ ವಾಪಸು ಕೊಡಿ, ಮೂರು ವಾರಕ್ಕೆ ಉತ್ತರ ಬಂತು, ಬಹಳ ಮರ್ಯಾದೆಯ ಉತ್ತರ, ನಮ್ಮ ಗ್ರಾಹಕರು ತಮ್ಮ ಗುರುತನ್ನು ತಾವೇ ದೃಢಪಡಿಸಿದ್ದಾರೆ, ಸಾಕ್ಷಿಯನ್ನು ಲಗತ್ತಿಸಿದೆ, ಕೆಳಗೆ ಅಮ್ಮ, ಗಲ್ಲದ ಪಕ್ಕ ಪಾಸ್‌ಪೋರ್ಟು, ತುಟಿಯಾಚೆ ಹೋದ ಬಣ್ಣ, ನಗು. ಆ ಕಾಗದ ಕೌನ್ಸಿಲಿಗೂ ಹೋಯಿತು, ಖರ್ಚು ಅವರು ವಹಿಸಬೇಕಾದರೆ ಹಣ ಎಲ್ಲಿ ಹೋಯಿತೆಂದು ಅವರು ಕೇಳಲೇಬೇಕು, ಅವರ ಕಚೇರಿಗೆ ಹೋಗುವ ಹಿಂದಿನ ದಿನ ಕ್ಲೈವ್ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ, ಅವನು ಹೇಗೂ ಮುಳುಗಿದಾನೆ, ಜೊತೆಗೆ ನೀನೂ ಮುಳುಗಿ ಏನು ಪ್ರಯೋಜನ, ಶಾಲೆಯಲ್ಲಿ ಮಕ್ಕಳ ಜೊತೆ ಕೆಲಸ ಮಾಡೋಳು ನೀನು, ಹೆಸರಿನ ಮೇಲೆ ಒಂದು ಕಪ್ಪು ಚುಕ್ಕೆ ಬಿದ್ರೆ ಮಾರನೇ ದಿನ ಮನೆಗೆ ಕಳಿಸ್ತಾರೆ. ಕಚೇರಿಯ ಹೆಂಗಸು ನನ್ನ ವಯಸ್ಸಿನವಳೇ, ಮೇಜಿನ ಮೇಲೆ ಅವಳ ಊಟದ ಡಬ್ಬಿ ಇತ್ತು, ಕಾಗದವನ್ನು ನನ್ನ ಕಡೆ ತಿರುಗಿಸಿದಳು, ಫೋಟೋದ ಅಮ್ಮ ನನ್ನ ಕಡೆ ತಿರುಗಿ ನಕ್ಕಳು, ಈ ಫೋಟೋ ತೆಗೆದದ್ದು ಯಾರು ಅಂತ ನಿಮಗೇನಾದ್ರೂ ಗೊತ್ತಾ ಅಂತ ಆ ಹೆಂಗಸು ಕೇಳಿದಳು, ಬೆದರಿಸುವ ದನಿಯಲ್ಲ, ಸುಮ್ಮನೆ, ಬರೆದುಕೊಳ್ಳಲು, ಪೆನ್ನು ಕಾಗದದ ಮೇಲೆ ಇಟ್ಟುಕೊಂಡು ಕಾಯುತ್ತಿದ್ದಳು, ಗಡಿಯಾರ ಇತ್ತು, ಹೊರಗೆ ಯಾರೋ ಬಾಗಿಲು ಹಾಕಿದರು, ನನ್ನ ತಮ್ಮ ಅಂದೆ. ಎಷ್ಟು ಸಲೀಸಾಗಿ ಬಂತು, ಎರಡೇ ಶಬ್ದ, ಅವಳು ಬರೆದುಕೊಂಡಳು. ಬರುವ ಮೇ ತಿಂಗಳಲ್ಲಿ ಕೋರ್ಟಿನಲ್ಲಿ ಅವನ ವಿಚಾರಣೆ, ಅಮ್ಮನಿಗೆ ಗೊತ್ತಾಗದಂತೆ ಮೋಸದಿಂದ ಖಾತೆ ತೆರೆದ, ಫೋಟೋ ತೆಗೆದ, ಹಣ ದೋಚಿದ, ಮೂರನ್ನೂ ಒಪ್ಪಿಕೊಂಡಿದ್ದಾನೆ. ನಿನ್ನೆ ಅವನ ಹತ್ತಿರ ಹೋಗಿದ್ದೆ, ಅಮ್ಮನ ಜೊತೆ ಟ್ಯಾಕ್ಸಿಯಲ್ಲಿ ಬರುತ್ತೀಯಾ ಅಂತ ಕೇಳಲು, ಬರಲ್ಲ, ಅಂದ, ಅಮ್ಮನ ಹತ್ತಿರ ಹೋಗಬಾರದು ಅಂತ ಪೊಲೀಸರು ಬರೆದುಕೊಟ್ಟಿದಾರೆ. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ, ಅವನೇ ಹೇಳಿದ, ನನ್ನ ಹೆಸರು ಹೇಳಿದ್ದು ಒಳ್ಳೇದಾಯ್ತು ಬಿಡು ಕೊರಿ, ನೀನಾದ್ರೂ ಅವಳನ್ನ ನೋಡೋಕೆ ಹೋಗ್ಬೋದಲ್ಲ. ಬೈದಿದ್ದರೆ, ಒಂದು ಸಲ ಬೈದಿದ್ದರೆ ನಾನು ಇವತ್ತು ಈ ಸೀಟಿನ ಮೇಲೆ ಸರಿಯಾಗಿ ಕೂರಬಹುದಿತ್ತು.

ಡಬ್-ಡಬ್ ನಿಂತಿತು, ಡಾಂಬರು ಶುರುವಾಯಿತು, ಥಟ್ಟನೆ ಇಷ್ಟು ನಿಶ್ಶಬ್ದ, ಡ್ರೈವರಿಗೂ ಮಾತು ಬೇಕೆನ್ನಿಸಿರಬೇಕು, ಕನ್ನಡಿಯಲ್ಲಿ ಅಮ್ಮನನ್ನು ನೋಡಿ ಏನಮ್ಮಾ ಅಷ್ಟು ಚೆನ್ನಾಗಿ ರೆಡಿಯಾಗಿದೀರ, ಎಲ್ಲಿಗೆ ಸವಾರಿ ಅಂತಾನೆ, ಸ್ಪೇನ್‌ಗೆ, ಅಂತಾಳೆ ಅಮ್ಮ, ತಡವರಿಸದೆ, ನನ್ನ ಮಗಳು ಕರ್ಕೊಂಡು ಹೋಗ್ತಿದಾಳೆ, ಒಂದು ವರ್ಷದಿಂದ ಹೇಳ್ತಿದ್ಲು. ಒಂದು ವರ್ಷದಿಂದ. ಅವಳ ನೆನಪಿನಲ್ಲಿ ಅಪ್ಪನ ಹೆಸರು ನಿಲ್ಲಲಿಲ್ಲ, ರಾಯ್ಸ್ಟನ್‌ನ ಮುಖ ನಿಲ್ಲಲಿಲ್ಲ, ನನ್ನನ್ನೂ ಅರ್ಧ ದಿನ ನರ್ಸು ಅಂದುಕೊಳ್ಳುತ್ತಾಳೆ, ಇದು ನಿಂತಿದೆ. ಡ್ರೈವರು ಕನ್ನಡಿಯಲ್ಲಿ ನನ್ನ ಕಡೆ ನೋಡಿದ, ಅರ್ಥವಾಯಿತು ಅನ್ನುವ ಹಾಗೆ ಕಣ್ಣು ಮಿಟುಕಿಸಿದ, ಒಳ್ಳೆ ಬಿಸಿಲಿರುತ್ತೆ ಅಲ್ಲಿ, ಟೋಪಿ ಇಟ್ಕೊಂಡಿದೀರಾ ಅಂದ, ಅಮ್ಮ ನನ್ನ ಕಡೆ ತಿರುಗಿ ಇಟ್ಕೊಂಡಿದೀವಾ ಅಂತ ಕೇಳುತ್ತಾಳೆ, ಇಟ್ಕೊಂಡಿದೀವಮ್ಮಾ, ಸೂಟ್‌ಕೇಸಿನಲ್ಲಿದೆ, ಎಷ್ಟು ಸಲೀಸು, ಕಿಟಕಿಯಾಚೆ ಉಕ್ಕಿನ ಕಾರ್ಖಾನೆಯ ಕೊಳವೆಗಳು ಕಾಣಿಸತೊಡಗಿವೆ, ಹೊಗೆಯಿಲ್ಲ, ಮನೆಗಳ ಬೆನ್ನು, ಬೇಲಿ, ತೊಳೆದು ಹಾಕಿದ ಬಟ್ಟೆ, ಇನ್ನು ಹತ್ತು ನಿಮಿಷ, ಇಳಿಸುವಾಗ ಏನು ಹೇಳಲಿ, ಇದು ಹೋಟೆಲು ಅನ್ನಲೇ, ಸಮುದ್ರ ಆ ಗೋಡೆಯ ಆಚೆಗಿದೆ ಅನ್ನಲೇ, ನಂಬುತ್ತಾಳೆ, ಏನು ಹೇಳಿದರೂ ನಂಬುತ್ತಾಳೆ, ಅದೇ. ಜೇಬಿನಲ್ಲಿ ಫೋನು ಗುಂಯ್ ಅಂತು, ಕೈ ತಾನಾಗಿ ಹೋಯಿತು, ಹೊಸ ಸೈಟು, ಈ ಸಲ ಮೊಲವಲ್ಲ, ಟೋಪಿ ಹಾಕಿದ ನರಿ, ಇಪ್ಪತ್ತು ಹಾಕಿದರೆ ನಲವತ್ತು, ಹತ್ತು ಸಲ ತಿರುಗಿಸಿ, ನಾನ್ನೂರರ ಆಟ, ಹದಿನಾರು ಹೋಗುತ್ತದೆ, ಇಪ್ಪತ್ತನಾಲ್ಕು ಉಳಿಯುತ್ತದೆ, ಲೆಕ್ಕ ನಾನು ಮಾಡಲಿಲ್ಲ, ತಾನೇ ಆಯಿತು, ಟ್ಯಾಕ್ಸಿಯ ಬಾಡಿಗೆಯ ಅರ್ಧ, ಇನ್ನು ಅಮ್ಮನನ್ನು ನೋಡಲು ವಾರಕ್ಕೊಮ್ಮೆ ಇಷ್ಟು ದೂರ ಬರಬೇಕು, ಬಸ್ಸಿನ ಖರ್ಚಾದರೂ, ಬೇರೆ ಯಾವುದಕ್ಕೂ ಅಲ್ಲ, ಅವಳಿಗಾಗಿಯೇ, ಹೆಬ್ಬೆರಳು ಒತ್ತುತ್ತಿದೆ, ಹೆಸರು, ಹುಟ್ಟಿದ ದಿನ, ವಿಳಾಸ, ಮುಂದೆ, ಮುಂದೆ, ನಾನು ಸೋಲಲ್ವಲ್ಲೋ, ನಿಮ್ಮ ಗುರುತು ದೃಢಪಡಿಸಿ, ಮುಖ ಚೌಕಟ್ಟಿನೊಳಗೆ ಇರಲಿ, ತೆರೆಯ ಮೇಲೆ ಮೊಟ್ಟೆಯಾಕಾರದ ಗೆರೆ ಮೂಡಿತು, ಒಳಗೆ ನಾನು, ಕೆಳಗಿನಿಂದ, ಮಡಿಕೆ ಬಿದ್ದ ಗಲ್ಲ, ಬಾಡಿದ ಕಣ್ಣು, ಇನ್ನಷ್ಟು ಹತ್ತಿರ ಬನ್ನಿ ಅನ್ನುತ್ತಿದೆ ನರಿ, ಹತ್ತಿರ ತಂದೆ, ಆಗ ನನ್ನ ಭುಜಕ್ಕೆ ಏನೋ ತಾಗಿತು, ಬಿಳಿ ಕೂದಲು, ಅಮ್ಮ, ಫೋಟೋ ತೆಗೀತಿದೀಯಾ ಮಗಾ, ತಾಳು, ಅನ್ನುತ್ತ ಬಗ್ಗಿ ಒಳಗೆ ಬಂದಳು, ಮೊಟ್ಟೆಯೊಳಗೆ ಅವಳ ಮುಖ ನನ್ನದನ್ನು ಪಕ್ಕಕ್ಕೆ ತಳ್ಳಿತು, ಬೆಳಿಗ್ಗೆ ಹಚ್ಚಿಕೊಂಡ ಬಣ್ಣ, ಸ್ವಲ್ಪ ತುಟಿಯಾಚೆ, ಬರಿಗೈಯನ್ನು ಎತ್ತಿ ಗಲ್ಲದ ಪಕ್ಕ ಹಿಡಿದಳು, ಬೆರಳು ಜೋಡಿಸಿ, ಏನನ್ನೋ ಹಿಡಿದಿರುವಂತೆ, ತಲೆಕೆಳಗಾಗದಂತೆ, ಹೆಬ್ಬೆರಳು ಹೆಸರಿನ ಮೇಲೆ ಬರದಂತೆ, ಗೆರೆ ಹಸಿರಾಯಿತು, ಅಲುಗಾಡಬೇಡಿ ಅಂತಿದೆ, ಅವಳು ಅಲುಗಾಡುತ್ತಿಲ್ಲ, ನಗುತ್ತಿದ್ದಾಳೆ, ನನ್ನನ್ನು ನೋಡಿ, ಬರಿಗೈ ಗಲ್ಲದ ಪಕ್ಕ, ನಗುತ್ತಿದ್ದಾಳೆ, ಬರಿಗೈ, ಗಲ್ಲದ ಪಕ್ಕ